ರೀಸ್ಲಿಂಗ್ ಸೆಕ್ಟ್: ಯಾವ ನೆಲದ್ದು ಕೊಳ್ಳಬೇಕು, ನಮ್ಮ ಊಟಕ್ಕೆ ಯಾವುದು ಹೊಂದುತ್ತದೆ?

ಮೈನ್ ದಂಡೆ
ಎಲ್ಲರಿಗೂ ನಮಸ್ಕಾರ. ಫ್ರಾಂಕ್‌ಫರ್ಟ್, ಮೈನ್ತ್ಸ್, ವೀಸ್‌ಬಾಡೆನ್ ಸುತ್ತ ಇರುವ ಕನ್ನಡಿಗರ ಮುಂದೆ ಒಂದು ವಿಷಯ ಇಡೋಣ ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಹುಟ್ಟುಹಬ್ಬ, ಹೊಸ ಮನೆ, ಹೊಸ ವರ್ಷ ಅಂದರೆ ನಮ್ಮವರು ಸೂಪರ್ ಮಾರ್ಕೆಟ್‌ನಲ್ಲಿ ಕೈಗೆ ಸಿಕ್ಕ ಪ್ರೊಸೆಕ್ಕೊ, ಅಂದರೆ ಇಟಲಿಯ ನೊರೆ ವೈನ್, ತರುತ್ತಾರೆ. ಸ್ವಲ್ಪ ಜಾಸ್ತಿ ಖರ್ಚು ಮಾಡುವವರು ಶಾಂಪೇನ್ ತರುತ್ತಾರೆ. ಮನೆ ಬಾಗಿಲಲ್ಲೇ ಬೆಳೆಯುವ ರೀಸ್ಲಿಂಗ್ ದ್ರಾಕ್ಷಿಯ ಸೆಕ್ಟ್, ಅಂದರೆ ಜರ್ಮನಿಯ ನೊರೆ ವೈನ್, ಯಾರ ಕೈಯಲ್ಲೂ ಕಾಣುವುದಿಲ್ಲ. ಇದು ಬದಲಾಗಬೇಕು ಅನ್ನುವುದು ನನ್ನ ಆಸೆ.

ಫ್ರಾಂಕ್‌ಫರ್ಟ್‌ನಿಂದ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಎಲ್ಟ್‌ವಿಲ್ ಬರುತ್ತದೆ. ಅದು ರೈನ್‌ಗಾವ್ ಅನ್ನುವ ವೈನ್ ಪ್ರದೇಶ. ರೈನ್ ನದಿ ಉತ್ತರಕ್ಕೆ ಹರಿಯುತ್ತಾ ಬಂದು ವೀಸ್‌ಬಾಡೆನ್ ಹತ್ತಿರ ಟಾವ್ನುಸ್ ಬೆಟ್ಟಕ್ಕೆ ತಾಗಿ ಪಶ್ಚಿಮಕ್ಕೆ ತಿರುಗುತ್ತದೆ. ರ್ಯೂಡೆಸ್‌ಹೈಮ್‌ವರೆಗೆ ಸುಮಾರು 30 ಕಿಲೋಮೀಟರ್ ಹಾಗೇ ಹರಿಯುತ್ತದೆ. ಹಾಗಾಗಿ ಬಲದಂಡೆಯ ಇಳಿಜಾರು ಪೂರ್ತಿ ದಕ್ಷಿಣಕ್ಕೆ ಮುಖ ಮಾಡಿದೆ. ಹಿಂದೆ ಬೆಟ್ಟ ಚಳಿಗಾಳಿ ತಡೆಯುತ್ತದೆ, ಮುಂದೆ ನದಿ ಬಿಸಿಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲಿನ ತೋಟಗಳಲ್ಲಿ ಸುಮಾರು ಮುಕ್ಕಾಲು ಪಾಲು ರೀಸ್ಲಿಂಗ್ ಒಂದೇ. ಇಂಥ ಜಾಗ ಪಕ್ಕದಲ್ಲೇ ಇರುವಾಗ ದೂರದ್ದೇ ಯಾಕೆ ಬೇಕು ಹೇಳಿ?

ರೀಸ್ಲಿಂಗ್‌ನ ದೊಡ್ಡ ಗುಣ ಅದರ ಹುಳಿ. ಹಣ್ಣು ಮಾಗಿದ ಮೇಲೂ ಆ ಹುಳಿ ಇಳಿದುಹೋಗುವುದಿಲ್ಲ. ನೊರೆ ವೈನಿಗೆ ಬೇಕಾದದ್ದು ಅದೇ. ಹುಳಿ ಇಲ್ಲದ ನೊರೆ ವೈನ್ ಬಾಯಲ್ಲಿ ಸಪ್ಪೆ.

ನನ್ನ ಪ್ರಶ್ನೆ ಇಷ್ಟು: ನೀವು ಯಾವ ಕಡೆಯದ್ದು ಕುಡಿದಿದ್ದೀರಿ? ನಮ್ಮ ಅಡುಗೆಯ ಜೊತೆ ಯಾವುದು ಒಗ್ಗಿತು?

ಮ್ಯೂನಿಕ್ ಹೊಸಬ
ಸರ್, ಒಂದು ಅನುಮಾನ. ಅಂಗಡಿಯಲ್ಲಿ ‘ಟ್ರೋಕನ್’ ಅಂತ ಬರೆದಿದ್ದ ರೀಸ್ಲಿಂಗ್ ಸೆಕ್ಟ್ ತಂದೆ. ಟ್ರೋಕನ್ ಅಂದರೆ ಸಿಹಿ ಇಲ್ಲದ್ದು ಅಲ್ವಾ? ಇದು ಚೆನ್ನಾಗಿಯೇ ಸಿಹಿ ಇತ್ತು. ಮಾಮೂಲಿ ಟ್ರೋಕನ್ ವೈನ್ ಹೀಗಿರುವುದಿಲ್ಲ.

ಮೈನ್ ದಂಡೆ
ನಿಮ್ಮ ನಾಲಿಗೆ ಸರಿಯಾಗೇ ಹೇಳಿದೆ. ನೊರೆ ಇಲ್ಲದ ವೈನಿನಲ್ಲಿ ಟ್ರೋಕನ್ ಅಂದರೆ ಲೀಟರಿಗೆ ಹೆಚ್ಚೆಂದರೆ 9 ಗ್ರಾಂ ಸಕ್ಕರೆ. ಸೆಕ್ಟ್‌ನಲ್ಲಿ ಅದೇ ಪದಕ್ಕೆ 17ರಿಂದ 32 ಗ್ರಾಂ. ಎರಡಕ್ಕೂ ಕಾನೂನು ಬೇರೆ ಬೇರೆ. ಸಿಹಿ ಬೇಡ ಅನ್ನುವವರು ‘ಬ್ರೂಟ್’ ಹುಡುಕಿ, ಅದರಲ್ಲಿ 12 ಗ್ರಾಂ ಒಳಗೆ. ‘ಎಕ್ಸ್‌ಟ್ರಾ ಬ್ರೂಟ್’ 6ರ ಒಳಗೆ. ‘ಬ್ರೂಟ್ ನೇಚರ್’ ಅಂದರೆ 3ಕ್ಕಿಂತ ಕಡಿಮೆ, ಕೊನೆಯಲ್ಲಿ ಸಕ್ಕರೆ ಹಾಕುವುದೇ ಇಲ್ಲ. ಬ್ರೂಟ್ ಮತ್ತು ಟ್ರೋಕನ್ ನಡುವೆ ‘ಎಕ್ಸ್‌ಟ್ರಾ ಡ್ರೈ’ ಇದೆ, 12ರಿಂದ 17. ಈ ಕೊನೆಯದ್ದನ್ನು ನೆನಪಿಟ್ಟುಕೊಳ್ಳಿ. ನಮ್ಮ ಖಾರದ ಊಟಕ್ಕೆ ಅದೇ ಒದಗುವುದು.

ಟ್ರಿಯರ್ ಅಕ್ಕ
ರೈನ್‌ಗಾವ್ ಬಗ್ಗೆ ಹೇಳಿದ್ದೆಲ್ಲ ನಿಜ. ಆದರೆ ಮೋಸೆಲ್ ಬಿಟ್ಟು ಈ ಮಾತು ಮುಗಿಯಬಾರದು. ಅದರಲ್ಲೂ ಸಾರ್ ಕಣಿವೆ.

ನಾನಿರುವುದು ಟ್ರಿಯರ್‌ನಲ್ಲಿ. ಮೋಸೆಲ್, ಅದಕ್ಕೆ ಸೇರುವ ಸಾರ್ ಮತ್ತು ರೂವರ್, ಮೂರೂ ಸೇರಿ ಒಂದೇ ವೈನ್ ಪ್ರದೇಶ. ಇಲ್ಲಿ ಸುಮಾರು ಹತ್ತರಲ್ಲಿ ಆರು ಪಾಲು ರೀಸ್ಲಿಂಗ್. ಬ್ರೆಮ್ ಊರಿನ ಕಲ್ಮೋಂಟ್ ಅನ್ನುವ ತೋಟದ ಇಳಿಜಾರು ಕೆಲವು ಕಡೆ 65 ಡಿಗ್ರಿ ಇದೆ. ಯುರೋಪಿನ ಅತಿ ಕಡಿದಾದ ದ್ರಾಕ್ಷಿ ತೋಟ ಅಂತ ಅದಕ್ಕೆ ಹೆಸರು. ಟ್ರ್ಯಾಕ್ಟರ್ ಹತ್ತುವ ಮಾತೇ ಇಲ್ಲ. ಹಳೇ ತೋಟಗಳಲ್ಲಿ ತಂತಿಯೂ ಇಲ್ಲ. ಒಂದು ಬಳ್ಳಿಗೆ ಒಂದು ಗೂಟ, ಅದಕ್ಕೆ ಬಳ್ಳಿಯನ್ನು ಬಾಗಿಸಿ ಕಟ್ಟುತ್ತಾರೆ. ಹಾಗಾಗಿ ಆಳು ಪಕ್ಕಕ್ಕೂ ನಡೆಯಬಹುದು, ನೇರ ಮೇಲಕ್ಕೇ ಹತ್ತಬೇಕು ಅಂತಿಲ್ಲ. ಕಾಲ ಕೆಳಗೆ ಮಣ್ಣಿಗಿಂತ ಸ್ಲೇಟ್ ಕಲ್ಲಿನ ಚೂರೇ ಜಾಸ್ತಿ. ಬೂದು, ನೀಲಿ, ಕೆಲವು ಕಡೆ ಕೆಂಪು. ನಡೆದರೆ ಕಲ್ಲು ಜಾರಿ ಕಣಕಣ ಅನ್ನುತ್ತದೆ. ಹಗಲು ಕಾದ ಕಲ್ಲು ಸಂಜೆಯ ಮೇಲೂ ಶಾಖ ಬಿಡುತ್ತಿರುತ್ತದೆ. ಉತ್ತರಕ್ಕೆ ಸುಮಾರು 50 ಡಿಗ್ರಿ ಅಕ್ಷಾಂಶದ ಚಳಿಯಲ್ಲಿ ದ್ರಾಕ್ಷಿ ಮಾಗುವುದಕ್ಕೆ ಇದೂ ಒಂದು ಕಾರಣ.

ಸಾರ್ ಇದಕ್ಕಿಂತ ತಣ್ಣಗೆ. ಹಿಂದೆ ಬಿಸಿಲು ಕಡಿಮೆಯಾದ ವರ್ಷಗಳಲ್ಲಿ ಇಲ್ಲಿನ ಹಣ್ಣು ಸರಿಯಾಗಿ ಮಾಗುತ್ತಿರಲಿಲ್ಲ. ಆಗ ಆ ಹುಳಿ ವೈನನ್ನು ಸೆಕ್ಟ್ ಕಂಪನಿಗಳು ಕೊಳ್ಳುತ್ತಿದ್ದವು. ಈಗ ಬೇಸಿಗೆ ಬಿಸಿಯಾಗುತ್ತಿದೆ, ಬೇರೆ ಕಡೆ ಹುಳಿ ಇಳಿಯುತ್ತಿದೆ. ಆ ಕಾಲಕ್ಕೆ ಕೊರತೆ ಅನ್ನಿಸಿದ್ದೇ ಈಗ ಸಾರ್‌ನ ಆಸ್ತಿ. ಇಲ್ಲಿನ ಬೆಳೆಗಾರರು ಸೆಕ್ಟ್‌ಗೆಂದೇ ಬೇರೆ ಹಣ್ಣು ಇಡುತ್ತಾರೆ, ಮೊದಲೇ ಕೊಯ್ಯುತ್ತಾರೆ.

ದಾವಣಗೆರೆ–ಡಾರ್ಮ್‌ಸ್ಟಾಟ್
ಅಕ್ಕ, ಗುಳ್ಳೆ ಹೇಗೆ ಬರುತ್ತದೆ ಅನ್ನುವುದನ್ನೂ ಸ್ವಲ್ಪ ಹೇಳಿ. ಸೋಡಾ ಥರ ಗ್ಯಾಸ್ ತುಂಬುತ್ತಾರೆ ಅಂತ ನಮ್ಮ ಆಫೀಸಿನಲ್ಲಿ ಒಬ್ಬರು ವಾದ ಮಾಡುತ್ತಿದ್ದರು.

ಟ್ರಿಯರ್ ಅಕ್ಕ
ಸೆಕ್ಟ್‌ಗೆ ಹೊರಗಿನಿಂದ ಗ್ಯಾಸ್ ತುಂಬುವಂತಿಲ್ಲ. ಗುಳ್ಳೆ ಹುಟ್ಟುವುದು ಯೀಸ್ಟ್‌ನಿಂದ. ಮೊದಲು ಮಾಮೂಲಿ ವೈನ್ ಮಾಡುತ್ತಾರೆ. ಆಲ್ಕೋಹಾಲ್ ಹತ್ತು, ಹತ್ತೂವರೆ ಶೇಕಡಾ ಇರುವ, ಚೆನ್ನಾಗಿ ಹುಳಿ ಇರುವ ವೈನ್. ಅದಕ್ಕೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಹಾಕಿ ಬಾಟಲಿಗೆ ತುಂಬಿ ಮುಚ್ಚಳ ಬಿಗಿಯುತ್ತಾರೆ. ಯೀಸ್ಟ್ ಆ ಸಕ್ಕರೆ ತಿಂದಾಗ ಬರುವ ಗ್ಯಾಸ್‌ಗೆ ಹೋಗಲು ದಾರಿ ಇಲ್ಲ, ವೈನಿನಲ್ಲೇ ಕರಗುತ್ತದೆ. ಕೊನೆಗೆ ಒತ್ತಡ 6 ಬಾರ್ ಹತ್ತಿರ ಆಗುತ್ತದೆ, ಕಾರಿನ ಟೈರಿನ ಎರಡು ಪಟ್ಟಿಗೂ ಜಾಸ್ತಿ. ಅಗ್ಗದ ಸೆಕ್ಟ್‌ಗೆ ಇದೇ ಕೆಲಸ ದೊಡ್ಡ ಸ್ಟೀಲ್ ಟ್ಯಾಂಕಿನಲ್ಲಿ ನಡೆಯುತ್ತದೆ.

ಬಾಟಲಿಯಲ್ಲಿ ಮಾಡಿದ್ದಕ್ಕೆ ಇನ್ನೊಂದು ಕೆಲಸ ಬಾಕಿ. ಸತ್ತ ಯೀಸ್ಟ್ ಗಸಿಯಾಗಿ ತಳಕ್ಕೆ ಕೂತಿರುತ್ತದೆ. ಬಾಟಲಿಯನ್ನು ತಲೆಕೆಳಗಾಗಿ ಓರೆಯಾಗಿ ಇಟ್ಟು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬರುತ್ತಾರೆ. ಗಸಿ ಜಾರಿ ಕುತ್ತಿಗೆಗೆ ಬರುತ್ತದೆ. ಆಮೇಲೆ ಕುತ್ತಿಗೆಯನ್ನಷ್ಟೇ ಕೊರೆಯುವ ತಣ್ಣನೆಯ ದ್ರಾವಣದಲ್ಲಿ ಅದ್ದಿ ಹೆಪ್ಪುಗಟ್ಟಿಸುತ್ತಾರೆ. ಸಾರ್‌ನ ಒಂದು ಸಣ್ಣ ನೆಲಮಾಳಿಗೆಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಬಾಟಲಿ ನೆಟ್ಟಗೆ ಮಾಡಿ ಮುಚ್ಚಳ ಎಬ್ಬಿಸಿದ ತಕ್ಷಣ ‘ಠಪ್’ ಅಂತ ಸದ್ದು. ಬೆರಳುದ್ದದ, ಕಂದು ಬಣ್ಣ ಬೆರೆತ ಐಸಿನ ತುಂಡು ಹಾರಿ ಡಬ್ಬದೊಳಗೆ ಬಿತ್ತು. ಉಳಿದ ವೈನ್ ತಿಳಿಯಾಗಿತ್ತು. ಯಜಮಾನರು ಪ್ರತಿ ಬಾಟಲಿಯನ್ನೂ ಮೂಗಿಗೆ ಹಿಡಿದು ನೋಡಿ ಆಮೇಲೇ ಮುಂದೆ ಕಳಿಸುತ್ತಿದ್ದರು. ಅಲ್ಲಿಂದ ಒಂದಿಷ್ಟು ಸಿಹಿ ವೈನ್ ಸೇರಿಸಿ ಕಾರ್ಕ್ ಹಾಕುತ್ತಾರೆ. ಬ್ರೂಟೋ ಟ್ರೋಕನ್ನೋ ಅನ್ನುವುದು ತೀರ್ಮಾನ ಆಗುವುದು ಆ ಗಳಿಗೆಯಲ್ಲೇ.

ಕುಂದಾಪ್ರ ಅಡುಗೆಮನೆ
ನಾನು ಊಟದ ವಿಷಯಕ್ಕೆ ಬರುತ್ತೇನೆ. ಸ್ಟುಟ್‌ಗಾರ್ಟ್‌ನಲ್ಲಿ ಇದ್ದೇವೆ, ಮನೆಯಲ್ಲಿ ವಾರಕ್ಕೆರಡು ಸಲ ಮೀನು ಆಗಲೇಬೇಕು.

ಮೊದಲು ಕರಿದದ್ದು. ಇದರಲ್ಲಿ ಎರಡನೇ ಮಾತಿಲ್ಲ. ಕಾಣೆ ರವಾ ಫ್ರೈ, ಸಿಗಡಿ ಫ್ರೈ, ಗೋಳಿಬಜೆ, ಈರುಳ್ಳಿ ಬಜ್ಜಿ, ಅಂಬೊಡೆ, ಯಾವುದಾದರೂ ಸರಿ, ಜೊತೆಗೆ ರೀಸ್ಲಿಂಗ್ ಬ್ರೂಟ್. ಎಣ್ಣೆ ಜಿಡ್ಡು ನಾಲಿಗೆ ಮೇಲೆ ಕೂತಾಗ ಹುಳಿಯೂ ಗುಳ್ಳೆಯೂ ಸೇರಿ ತೊಳೆದುಬಿಡುತ್ತವೆ, ಮುಂದಿನ ತುತ್ತು ಮೊದಲ ತುತ್ತಿನಂತೆಯೇ ಇರುತ್ತದೆ. ಇಲ್ಲಿಯವರೂ ಆಲೂಗಡ್ಡೆ ತುರಿದು ಕರಿದ ರೈಬೆಕೂಖನ್ ಜೊತೆ ಇದನ್ನು ಕುಡಿಯುತ್ತಾರೆ. ಉಪ್ಪು ಸರಿಯಾಗಿರಬೇಕು. ಉಪ್ಪು ವೈನಿನ ಹುಳಿಯನ್ನು ಮೆತ್ತಗೆ ಮಾಡುತ್ತದೆ. ಮೀನಿಗೆ ಹೇಗೂ ನಿಂಬೆ ಹಿಂಡುತ್ತೇವಲ್ಲ, ಆ ಕೆಲಸವನ್ನು ರೀಸ್ಲಿಂಗ್ ಮಾಡುತ್ತದೆ.

ಎರಡನೆಯದು ತೆಂಗಿನಹಾಲು. ನೀರ್ ದೋಸೆ ಜೊತೆ ತೆಂಗಿನಹಾಲು ಹಾಕಿದ ಸಿಗಡಿ ಸಾರು, ಖಾರ ಹದವಾಗಿ. ತೆಂಗಿನ ಸಣ್ಣ ಸಿಹಿ ಇರುವುದರಿಂದ ತೀರಾ ಒಣ, ಅಂದರೆ ಸಿಹಿ ಇಲ್ಲದ, ಸೆಕ್ಟ್ ಇಲ್ಲಿ ಹುಳಿ ಜಾಸ್ತಿ ಅನ್ನಿಸುತ್ತದೆ. ಎಕ್ಸ್‌ಟ್ರಾ ಡ್ರೈ ತನ್ನಿ.

ಮೂರನೆಯದು ಹುಣಸೆಹುಳಿ. ಊಟದಲ್ಲಿ ಹುಳಿ ಇದ್ದರೆ ವೈನಿನ ಹುಳಿ ಕಡಿಮೆ ಅನ್ನಿಸುತ್ತದೆ. ಹುಳಿ ಕಮ್ಮಿ ಇರುವ ವೈನ್ ನಮ್ಮ ಪತ್ರೊಡೆ ಎದುರು ನಿಲ್ಲುವುದೇ ಇಲ್ಲ. ರೀಸ್ಲಿಂಗ್ ನಿಲ್ಲುತ್ತದೆ. ಆವಿಯಲ್ಲಿ ಬೇಯಿಸಿ ಕಾವಲಿ ಮೇಲೆ ಕೆಂಪಗೆ ಕಾಯಿಸಿದ ಪತ್ರೊಡೆ ಜೊತೆ ಕುಡಿದು ನೋಡಿ, ಆಮೇಲೆ ನೀವೇ ಬಂದು ಇಲ್ಲಿ ಬರೆಯುತ್ತೀರಿ.

ಮರವಾಯಿ ಸುಕ್ಕಕ್ಕೂ ಚೆನ್ನ. ಚಿಪ್ಪಿನ ಉಪ್ಪು, ಕಾಯಿತುರಿ, ಮೇಲೆ ಈ ತಣ್ಣನೆ ಹುಳಿ. ಇದಕ್ಕೆ ಮಾತ್ರ ಎಕ್ಸ್‌ಟ್ರಾ ಬ್ರೂಟ್.

ಹಾಸನದ ಹೈಕ್ಳು
ಗೋಳಿಬಜೆ ಒಪ್ಪುತ್ತೇನೆ. ಖಾರದ ಊಟಕ್ಕೆ ಮಾತ್ರ ನೊರೆ ವೈನ್ ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಬಂಗುಡೆ ಪುಳಿಮುಂಚಿ, ಘೀ ರೋಸ್ಟ್, ನಾಟಿಕೋಳಿ ಸಾರು, ಇವುಗಳ ಜೊತೆ ಬ್ರೂಟ್ ಕುಡಿದರೆ ಬಾಯಿ ಉರಿ ಎರಡು ಪಟ್ಟಾಗುತ್ತದೆ. ಗುಳ್ಳೆ ಚುಚ್ಚುತ್ತದೆ, ಆಲ್ಕೋಹಾಲ್ ಉರಿಸುತ್ತದೆ, ಮೆಣಸಿನಕಾಯಿ ಅದರ ಮೇಲೆ. ವೈನಿನ ಪರಿಮಳವೂ ಹೋಯ್ತು, ಊಟದ ರುಚಿಯೂ ಹೋಯ್ತು. ಅಷ್ಟು ಕಷ್ಟಪಟ್ಟು ಇಳಿಜಾರಿನಲ್ಲಿ ಬೆಳೆದದ್ದನ್ನು ಹೀಗೆ ಹಾಳು ಮಾಡುವುದು ನನಗೆ ಬೇಜಾರು.

ಕುಂದಾಪ್ರ ಅಡುಗೆಮನೆ
ಬ್ರೂಟ್ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಘೀ ರೋಸ್ಟ್ ಜೊತೆ ಬ್ರೂಟ್ ನಾನೂ ಕೊಡುವುದಿಲ್ಲ. ಆದರೆ ಆ ಮ್ಯೂನಿಕ್ ತಮ್ಮ ತಂದ ಟ್ರೋಕನ್ ಇದೆಯಲ್ಲ, ಅದನ್ನು ಚೆನ್ನಾಗಿ ತಣ್ಣಗೆ ಮಾಡಿ ಕೊಡಿ. ಸಕ್ಕರೆ ಖಾರವನ್ನು ಇಳಿಸುತ್ತದೆ, ತುಪ್ಪವನ್ನು ಹುಳಿ ಎದುರಿಸುತ್ತದೆ. ರೀಸ್ಲಿಂಗ್‌ನಲ್ಲಿ ಹುಳಿ ಜೋರಾಗಿರುವುದರಿಂದ ಅಷ್ಟು ಸಕ್ಕರೆ ಇದ್ದರೂ ಪಾನಕ ಅನ್ನಿಸುವುದಿಲ್ಲ. ನಾಟಿಕೋಳಿ ಸಾರಿಗೆ ಮಾತ್ರ ಬೇಡ. ಕರಿಮೆಣಸು, ಚಕ್ಕೆ, ಲವಂಗ ಹುರಿದು ಹಾಕಿದ ಮಸಾಲೆ ಎದುರು ಯಾವ ಸೆಕ್ಟ್ ಆದರೂ ಸೋಲುತ್ತದೆ. ಅಲ್ಲಿ ನಿಮ್ಮದೇ ಮಾತು ನಿಲ್ಲಲಿ.

ಹಾಗೇ ಇನ್ನೊಂದು. ಹೋಳಿಗೆ, ಕೇಕ್ ಕತ್ತರಿಸುವಾಗ ಬ್ರೂಟ್ ಸುರಿಯುವ ಅಭ್ಯಾಸ ಬಿಡೋಣ. ಸಿಹಿ ತಿಂದ ಬಾಯಿಗೆ ಒಣ ವೈನ್ ಬರೀ ಹುಳಿ. ಊಟಕ್ಕೆ ಮೊದಲೇ ಬಾಟಲಿ ತೆಗೆಯಿರಿ, ಕೋಸಂಬರಿ ನಿಪ್ಪಟ್ಟಿನ ಜೊತೆ.

ಮಲ್ಲೇಶ್ವರಂ ಸಸ್ಯಾಹಾರಿ
ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ವೈನ್ ತಿಳಿ ಮಾಡುವುದಕ್ಕೆ ಪ್ರಾಣಿಮೂಲದ ಪದಾರ್ಥ ಬಳಸುತ್ತಾರೆ ಅಂತ ಕೇಳಿದ್ದೇನೆ. ಸೆಕ್ಟ್‌ನಲ್ಲೂ ಇದೆಯೇ? ನನಗೆ ಇದು ಮುಖ್ಯ, ದಯವಿಟ್ಟು ಗೊತ್ತಿದ್ದವರು ತಿಳಿಸಿ.

ಟ್ರಿಯರ್ ಅಕ್ಕ
ಒಳ್ಳೆಯ ಪ್ರಶ್ನೆ, ಮೇಡಂ. ಮೊದಲ ಹಂತದ ವೈನನ್ನು ತಿಳಿ ಮಾಡಲು ಜೆಲಟಿನ್, ಮೀನಿನ ಗಾಳಿಚೀಲದಿಂದ ತೆಗೆದ ಅಂಟು, ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನ್ ಬಳಸುವುದುಂಟು. ಬೆಂಟೊನೈಟ್ ಅನ್ನುವ ಜೇಡಿಮಣ್ಣು ಬಳಸುವವರೂ ತುಂಬಾ ಜನ, ಅದರಲ್ಲಿ ಏನೂ ತೊಂದರೆ ಇಲ್ಲ. ವೈನಿನಲ್ಲಿ ಹಾಲು ಮೊಟ್ಟೆಯ ಅಂಶ ಉಳಿದಿದ್ದರೆ ಲೇಬಲ್ ಮೇಲೆ ಹಾಕಬೇಕು. ಜೆಲಟಿನ್‌ಗೆ ಆ ಕಟ್ಟುಪಾಡು ಇಲ್ಲ. ಅದಕ್ಕೇ ‘ವೀಗನ್’ ಅನ್ನುವ ಗುರುತು ಇರುವ ಬಾಟಲಿಯನ್ನೇ ಕೊಳ್ಳಿ. ಇಲ್ಲವಾದರೆ ಬೆಳೆಗಾರರಿಗೆ ನೇರ ಕೇಳಿ, ಸಂಕೋಚ ಬೇಡ. ಈ ಪ್ರಶ್ನೆ ಅವರಿಗೆ ಹೊಸದಲ್ಲ.

ದಾವಣಗೆರೆ–ಡಾರ್ಮ್‌ಸ್ಟಾಟ್
ನಾಲ್ಕು ಯೂರೋಗೂ ರೀಸ್ಲಿಂಗ್ ಸೆಕ್ಟ್ ಸಿಗುತ್ತದೆ, ಹದಿನೈದಿಪ್ಪತ್ತಕ್ಕೂ ಇದೆ. ನಿಜವಾಗಿ ಅಷ್ಟು ವ್ಯತ್ಯಾಸ ಇದೆಯಾ, ಸುಮ್ನೆ ಹೆಸರಿಗೆ ದುಡ್ಡಾ?

ಮೈನ್ ದಂಡೆ
ಲೆಕ್ಕ ಹಾಕಿ ನೋಡಿ. 3.99 ಯೂರೋ ಬಾಟಲಿಯಲ್ಲಿ 19 ಶೇಕಡಾ ಮೌಲ್ಯವರ್ಧಿತ ತೆರಿಗೆ ತೆಗೆದರೆ ಉಳಿಯುವುದು ಸುಮಾರು 3.35. ಅದರಲ್ಲಿ 1.02 ಯೂರೋ ಸೆಕ್ಟ್ ತೆರಿಗೆ. 1902ರಲ್ಲಿ ಜರ್ಮನ್ ಚಕ್ರವರ್ತಿ ಕೈಸರ್ ಕಾಲದಲ್ಲಿ ನೌಕಾಪಡೆಗೆ ಹಣ ಬೇಕು ಅಂತ ಹಾಕಿದ ತೆರಿಗೆ ಅದು. ಆ ನೌಕಾಪಡೆ ಹೋಗಿ ನೂರು ವರ್ಷ ದಾಟಿತು, ತೆರಿಗೆ ಈಗಲೂ ಇದೆ. ಉಳಿದ 2.33ರಲ್ಲಿ ಬಾಟಲಿ, ಕಾರ್ಕ್, ಸಾಗಣೆ, ಅಂಗಡಿಯ ಲಾಭ ಎಲ್ಲ ಬರಬೇಕು. ದ್ರಾಕ್ಷಿ ಬೆಳೆದವನಿಗೆ ಏನು ಸಿಕ್ಕೀತು? ಕಡಿದಾದ ಇಳಿಜಾರಿನಲ್ಲಿ ಕೈಯಲ್ಲಿ ಕೊಯ್ದ ಹಣ್ಣು ಆ ಬೆಲೆಗೆ ಬರಲು ಸಾಧ್ಯವೇ ಇಲ್ಲ.

ಲೇಬಲ್ ಓದಿ. ಬರೀ ‘ಸೆಕ್ಟ್’ ಅಂತಿದ್ದರೆ ಒಳಗಿನ ವೈನ್ ಇಟಲಿಯದ್ದೋ ಸ್ಪೇನಿನದ್ದೋ ಆಗಿರಬಹುದು. ‘ಡಾಯ್ಚರ್ ಸೆಕ್ಟ್’ ಅಂದರೆ ಜರ್ಮನಿಯ ದ್ರಾಕ್ಷಿ. ‘ವಿಂಟ್ಸರ್‌ಸೆಕ್ಟ್’ ಅಂದರೆ ಬೆಳೆಗಾರನ ತೋಟದ್ದೇ ಹಣ್ಣು, ಬಾಟಲಿಯಲ್ಲೇ ಹುದುಗಿಸಿ ಕನಿಷ್ಠ ಒಂಬತ್ತು ತಿಂಗಳು ಗಸಿಯ ಮೇಲೆ ಇಟ್ಟದ್ದು, ಯಾವ ವರ್ಷದ ಯಾವ ದ್ರಾಕ್ಷಿ ಅಂತ ಬರೆದದ್ದು. ನಾನು ಹೇಳುವುದು ಇದನ್ನೇ: ವಿಂಟ್ಸರ್‌ಸೆಕ್ಟ್ ಅನ್ನುವ ಪದ ಹುಡುಕಿ. ಅದರ ಬೆಲೆ ಎಷ್ಟೋ ಸಲ ಶಾಂಪೇನಿಗಿಂತ ಕಡಿಮೆ ಇರುತ್ತದೆ.

ಗಸಿ ಪ್ರಿಯ
ಗಸಿಯ ಮೇಲೆ ಎಷ್ಟು ದಿನ ಇಡಬೇಕು ಅನ್ನುವುದು ಇಲ್ಲಿನ ದೊಡ್ಡ ಚರ್ಚೆ, ಅದನ್ನೂ ಸೇರಿಸುತ್ತೇನೆ. ಜಾಸ್ತಿ ಕಾಲ ಇಟ್ಟರೆ ಬ್ರೆಡ್ಡು, ಬೆಣ್ಣೆ, ಹುರಿದ ಬೀಜದ ವಾಸನೆ ಬರುತ್ತದೆ. ಶಾಂಪೇನಿನಲ್ಲಿ ಜನ ಬಯಸುವುದು ಅದನ್ನು. ರೀಸ್ಲಿಂಗ್‌ಗೆ ಸ್ವಂತ ಪರಿಮಳ ಇದೆ. ಹಸಿರು ಸೇಬು, ನಿಂಬೆ ಸಿಪ್ಪೆ, ಪೀಚ್, ಹೂವು. ಗಸಿ ಜಾಸ್ತಿಯಾದರೆ ಇವು ಅಡಗಿಹೋಗುತ್ತವೆ ಅನ್ನುವುದು ಒಂದು ಗುಂಪಿನ ವಾದ. ಇನ್ನೊಂದು, ರೀಸ್ಲಿಂಗ್ ಹಳೆಯದಾದಂತೆ ಬರುವ ಪೆಟ್ರೋಲ್ ವಾಸನೆ. ಬಿಸಿಲು ಜಾಸ್ತಿ ಬಿದ್ದ ಹಣ್ಣಿನಲ್ಲಿ ಅದು ಜೋರು. ಅದಕ್ಕೇ ಸೆಕ್ಟ್‌ಗೆ ಇಟ್ಟ ಗೊಂಚಲಿಗೆ ಎಲೆಯ ನೆರಳು ಉಳಿಸುತ್ತಾರೆ.

ಜರ್ಮನಿಯ ಹೆಸರಾಂತ ತೋಟಗಳ ಸಂಘ ವಿಡಿಪಿ ತನ್ನ ಸೆಕ್ಟ್‌ಗೆ ಕನಿಷ್ಠ 15 ತಿಂಗಳು, ಮೇಲಿನ ದರ್ಜೆಗೆ 36 ತಿಂಗಳು ಅಂತ ನಿಯಮ ಮಾಡಿದೆ. ಫಾಲ್ತ್ಸ್ ಪ್ರದೇಶದ ಡೈಡೆಸ್‌ಹೈಮ್‌ನ ಫೋನ್ ಬೂಲ್ ತೋಟಕ್ಕೆ 2013ರಲ್ಲಿ ಮಾತ್ಯೂ ಕಾಫ್‌ಮಾನ್ ಬಂದರು. ಅವರು ಅದಕ್ಕೆ ಮೊದಲು ಫ್ರಾನ್ಸಿನ ಬೊಲ್ಲಾಂಜೆ ಅನ್ನುವ ಶಾಂಪೇನ್ ಮನೆಯ ನೆಲಮಾಳಿಗೆ ಮುಖ್ಯಸ್ಥರು. ಅವರ ಕೈಯಲ್ಲಿ ರೀಸ್ಲಿಂಗ್ ಬ್ರೂಟ್ ಸಿಹಿ ಇಲ್ಲದೆ, ಚೂಪಾಗಿ, ಶುದ್ಧವಾಗಿ ಬಂತು. ಅಲ್ಲಿಂದ ಈಚೆಗೆ ಬೇರೆಯವರೂ ಸೆಕ್ಟ್ ಅನ್ನು ಗಂಭೀರವಾಗಿ ತೆಗೆದುಕೊಂಡರು. ರೈನ್‌ಹೆಸನ್‌ನ ರೌಮ್‌ಲಾಂಡ್ ಮನೆತನವಂತೂ ಅದಕ್ಕೂ ಎಷ್ಟೋ ಮೊದಲಿಂದ ಸೆಕ್ಟ್‌ಗೇ ಮುಡಿಪು.

ನನ್ನ ಮಟ್ಟಿಗೆ ರೀಸ್ಲಿಂಗ್‌ಗೆ ಎರಡು ವರ್ಷದ ಆಸುಪಾಸು ಸಾಕು. ಹಣ್ಣೂ ಉಳಿಯುತ್ತದೆ, ಮೈಯೂ ತುಂಬುತ್ತದೆ.

ಟ್ರಿಯರ್ ಅಕ್ಕ
ಸಾರ್‌ನದ್ದಾದರೆ ಮೂರು ವರ್ಷ ತಡೆಯುತ್ತದೆ ಅಂತ ನಾನು ಹೇಳುತ್ತೇನೆ. ಆ ಹುಳಿಗೆ ಅಷ್ಟು ಕಾಲ ಬೇಕು.

ರ್ಯೂಸೆಲ್ಸ್‌ಹೈಮ್ ಇಂಜಿನಿಯರ್
ನಮ್ಮೂರಿನ ಹೆಸರೂ ಇದರಲ್ಲಿ ಬರಬೇಕು. ಒಪೆಲ್ ಕಾರಿನಿಂದ ಎಲ್ಲರಿಗೂ ಗೊತ್ತಿರುವ ಊರು, ನಮ್ಮ ಎಷ್ಟೋ ಕನ್ನಡಿಗರು ಇಲ್ಲಿ ಕೆಲಸದಲ್ಲಿದ್ದಾರೆ. ರೀಸ್ಲಿಂಗ್ ಬಗ್ಗೆ ಸಿಕ್ಕಿರುವ ಅತಿ ಹಳೆಯ ಬರಹ ಇಲ್ಲಿಯದ್ದೇ. 1435ರ ಮಾರ್ಚ್ 13ರ ಲೆಕ್ಕಪತ್ರ. ಕಾಟ್ಸೆನ್‌ಎಲ್ನ್‌ಬೋಗನ್ ದೊರೆಯ ಕೋಟೆಯ ತೋಟಕ್ಕೆ ರೀಸ್ಲಿಂಗ್ ಬಳ್ಳಿ ಕೊಂಡ ಖರ್ಚು, 22 ಶಿಲ್ಲಿಂಗ್. ಕೋಟೆ ಈಗಲೂ ಇದೆ, ಪಕ್ಕದಲ್ಲಿ ಒಂದು ಸಣ್ಣ ದ್ರಾಕ್ಷಿ ತೋಟ ಇಟ್ಟಿದ್ದಾರೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ.

ಕುಂದಾಪ್ರ ಅಡುಗೆಮನೆ
ನಮ್ಮ ಸ್ಟುಟ್‌ಗಾರ್ಟ್ ಪಕ್ಕದ ಎಸ್‌ಲಿಂಗೆನ್‌ನಲ್ಲಿ 1826ರಲ್ಲಿ ಕೆಸ್ಲರ್ ಅನ್ನುವವರು ಸೆಕ್ಟ್ ಶುರು ಮಾಡಿದರು. ಫ್ರಾನ್ಸಿನ ರಾಂಸ್ ಊರಿನ ವ್ಯೂವ್ ಕ್ಲಿಕೋ ಅನ್ನುವ ಶಾಂಪೇನ್ ಮನೆಯಲ್ಲಿ ಕೆಲಸ ಮಾಡಿ ಕಲಿತು ಬಂದವರು ಅವರು. ಜರ್ಮನಿಯಲ್ಲಿ ಇಂದಿಗೂ ನಡೆಯುತ್ತಿರುವ ಅತಿ ಹಳೆಯ ಸೆಕ್ಟ್ ಮನೆ ಅದು.

ಬೆಂಗಳೂರು ಅತಿಥಿ
ಮಗಳ ಮನೆಗೆ ಮೈನ್ತ್ಸ್‌ಗೆ ಬರುತ್ತಿದ್ದೇನೆ. ಹಿಂತಿರುಗುವಾಗ ಎರಡು ಬಾಟಲಿ ತರಬಹುದೇ? ಬಾಟಲಿ ಒಡೆಯುವ ಭಯ ಇದೆ. ಇನ್ನು ಯಾವ ತಿಂಗಳು ಬಂದರೆ ಒಳ್ಳೆಯದು?

ಮೈನ್ ದಂಡೆ
ತರಬಹುದು ಸರ್. ಒಬ್ಬರಿಗೆ ಸುಂಕ ಇಲ್ಲದೆ 2 ಲೀಟರ್ ಮದ್ಯ ತರಲು ಬಿಡುತ್ತಾರೆ. 750 ಮಿಲಿಯ ಎರಡು ಬಾಟಲಿ ಅಂದರೆ ಒಂದೂವರೆ ಲೀಟರ್. ಚೆಕ್-ಇನ್ ಸಾಮಾನಿನಲ್ಲಿ ಇಡಿ, ಬಟ್ಟೆ ದಪ್ಪಗೆ ಸುತ್ತಿ ಪೆಟ್ಟಿಗೆಯ ನಡುವೆ ಬರುವ ಹಾಗೆ. ಸೆಕ್ಟ್ ಬಾಟಲಿಯ ಗಾಜು ಮಾಮೂಲಿಗಿಂತ ದಪ್ಪ. ಮನೆಗೆ ಹೋದ ಮೇಲೆ ಕೆಲವು ದಿನ ಅಲುಗಾಡಿಸದೆ ತಂಪು ಜಾಗದಲ್ಲಿಡಿ. ಬೆಂಗಳೂರಿನ ಬೇಸಿಗೆಯಲ್ಲಿ ಹೊರಗಿಡಬೇಡಿ, ಫ್ರಿಜ್ಜಿನಲ್ಲೇ ಇರಲಿ.

ತೆಗೆಯುವಾಗ 8 ಡಿಗ್ರಿ ಆಸುಪಾಸಿಗೆ ತಣ್ಣಗಾಗಿರಬೇಕು. ತಂತಿ ಸಡಿಲ ಮಾಡಿದ ಕ್ಷಣದಿಂದ ಹೆಬ್ಬೆರಳು ಕಾರ್ಕ್ ಮೇಲಿರಲಿ. ಬಾಟಲಿಯನ್ನು ಓರೆಯಾಗಿ ಹಿಡಿದು, ಕಾರ್ಕ್ ಬಿಗಿಯಾಗಿ ಹಿಡಿದುಕೊಂಡು ಬಾಟಲಿಯನ್ನು ತಿರುಗಿಸಿ. ‘ಉಸ್’ ಅಂತ ಬಂದರೆ ಸಾಕು. ಉದ್ದನೆ ಸಪೂರ ಲೋಟಕ್ಕಿಂತ ಮಾಮೂಲಿ ಬಿಳಿ ವೈನಿನ ಲೋಟವೇ ವಾಸಿ, ರೀಸ್ಲಿಂಗ್ ಪರಿಮಳ ಅದರಲ್ಲೇ ಚೆನ್ನಾಗಿ ಸಿಗುವುದು. ಲೋಟದಲ್ಲಿ ಸೋಪಿನ ಅಂಶ ಇದ್ದರೆ ನೊರೆ ನಿಲ್ಲುವುದಿಲ್ಲ, ಬಿಸಿನೀರಲ್ಲಿ ಚೆನ್ನಾಗಿ ತೊಳೆಯಿರಿ.

ಬರುವುದಾದರೆ ಮೇ ತಿಂಗಳು. ಬಿಳಿ ಸ್ಪಾರ್ಗೆಲ್, ಅಂದರೆ ಆಸ್ಪರಾಗಸ್ ತರಕಾರಿಯ ಕಾಲ, ಜೂನ್ 24ಕ್ಕೆ ಮುಗಿಯುತ್ತದೆ. ಬೆಣ್ಣೆ ಹಾಕಿದ ಸ್ಪಾರ್ಗೆಲ್, ಹೊಸ ಆಲೂಗಡ್ಡೆ, ಜೊತೆಗೆ ರೈನ್‌ಗಾವ್ ರೀಸ್ಲಿಂಗ್ ಬ್ರೂಟ್ ಇಲ್ಲಿನವರ ಹಬ್ಬದೂಟ. ಖಾರ ಇಲ್ಲ, ಮಸಾಲೆ ಇಲ್ಲ, ಆದರೂ ನಿಮಗೆ ಹಿಡಿಸುತ್ತದೆ. ಯಾವ ವಾರ ಬರುತ್ತೀರಿ ಅಂತ ಇಲ್ಲೇ ಬರೆಯಿರಿ. ಎಲ್ಟ್‌ವಿಲ್ ಕಡೆ ನಾವೇ ಕರೆದುಕೊಂಡು ಹೋಗುತ್ತೇವೆ.

ಕುಂದಾಪ್ರ ಅಡುಗೆಮನೆ
ಬರುವಾಗ ಸರ್, ಪತ್ರೊಡೆ ಮಾಡುವುದಕ್ಕೆ ಕೆಸುವಿನ ಎಲೆ ಎಲ್ಲಿ ಸಿಗುತ್ತದೆ ಅಂತ ಕೇಳಬೇಡಿ, ಫ್ರಾಂಕ್‌ಫರ್ಟ್‌ನ ಏಷ್ಯನ್ ಅಂಗಡಿಗಳಲ್ಲಿ ಒಮ್ಮೊಮ್ಮೆ ಬರುತ್ತದೆ, ನಾನು ಹುಡುಕಿ ತರುತ್ತೇನೆ. ಬ್ಯಾಡಗಿ ಮೆಣಸಿನಕಾಯಿ ಮಾತ್ರ ತನ್ನಿ.